ಅಡಾಬಾಯಿಯ ಅಪ್ಪನಿಗೆ ಇಳಕಲ್ಲ ಕೊಂಡಿ

ಕಾಮೋಠೆಯ ನಮ್ಮ ಮನೆಯೊಳಗೆ ಕಾಲಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಆ ಹೆಣ್ಣುಮಗಳು ನನ್ನ ಕೈಯಿಂದ ಚಹಾದ ಕಪ್ಪು ತೆಗೆದುಕೊಳ್ಳುತ್ತ ಕೇಳಿದಳು: “ದೀದಿ, ತುಮ್‌ಕೋ ಕಿಧರ್ ಗಾಡೇಗಾ?” ಅಂದರೆ, ಅಕ್ಕಾ, ನಿನ್ನನ್ನು ಎಲ್ಲಿ ಹೂಳುತ್ತಾರೆ?

ಇಳಕಲ್ಲಿನಲ್ಲಿ ಯಾರಾದರೂ ಹೊಸ ಮನೆಗೆ ಹೋಗಿ ಹೀಗೆ ಕೇಳಿದ್ದರೆ ಚಹಾದ ಬೋಗುಣಿಯೇ ಅವರ ತಲೆಯ ಮೇಲೆ ಬೀಳುತ್ತಿತ್ತು. “ಯಾಕವಾ, ನಾ ಏನ ಇವತ್ತ ಹೊಂಟೀನೇನು?” ಎಂದು ನಮ್ಮ ಮಾತಿನಲ್ಲೇ ಅಂದೆ. ಅವಳಿಗೆ ತಿಳಿಯಲಿಲ್ಲ, ಆದರೂ ಹೊಟ್ಟೆ ಕುಲುಕುವಂತೆ ನಕ್ಕಳು. ಅವಳ ಲೆಕ್ಕದಲ್ಲಿ ಮನುಷ್ಯ ಬದುಕುವುದು ಎಲ್ಲಾದರೂ ಇರಬಹುದು, ಅವನ ಊರು ಯಾವುದೆಂದರೆ ಅವನನ್ನು ಮಣ್ಣು ಮಾಡುವ ಜಾಗ. ಹಾಗಾಗಿ ಅದು ಬರೀ ‘ನಿಮ್ಮದು ಯಾವ ಊರು’ ಎಂಬ ಪ್ರಶ್ನೆ. ಇದು ನನಗೆ ಅರ್ಥವಾಗುವಷ್ಟರಲ್ಲಿ ಚಹಾ ಆರಿಹೋಗಿತ್ತು.

ಅವಳ ಹೆಸರು ಅಡಾ. ನೈಜೀರಿಯಾ ದೇಶದ ಇಗ್ಬೊ ಜನದವಳು. ವಯಸ್ಸು ಐವತ್ತರ ಹತ್ತಿರ, ನನಗಿಂತ ಒಂದು ಗೇಣು ಎತ್ತರ. ಇಲ್ಲಿಂದ ಬಟ್ಟೆ ಕೊಂಡು ಅಲ್ಲಿ ಮಾರುವ ವ್ಯಾಪಾರ. ಬಟ್ಟೆ ಮಾರ್ಕೆಟ್ಟಿನಲ್ಲಿ ಕಲಿತ ಹಿಂದಿ ಅವಳದು, ಜೋರಾಗಿ ಮತ್ತು ಅವಸರವಾಗಿ ಆಡುತ್ತಾಳೆ. ಅಡಾ ಅಂದರೆ ಅವರಲ್ಲಿ ಹಿರೇಮಗಳು ಎಂದರ್ಥವಂತೆ. ನಾನೂ ಹಿರೇಮಗಳು. ನಾನು ಅವಳನ್ನು ಅಡಾಬಾಯಿ ಎಂದು ಕರೆದೆ, ಅದು ಅವಳಿಗೆ ಹಿಡಿಸಿತು.

ನಾನು ಇಳಕಲ್ಲ ನೇಕಾರರ ಮನೆಯವಳು. ಮದುವೆಯಾಗಿ ಬಂದದ್ದು ಡೊಂಬಿವಲಿಗೆ, ಕೆಮಿಕಲ್ ಫ್ಯಾಕ್ಟರಿಗಳ ಮಗ್ಗುಲಿನ ಒಂದು ಚಾಳಿಗೆ. ಮೊದಲ ವಾರ ನನಗೆ ನಿದ್ದೆ ಬರಲಿಲ್ಲ. ಕಾರಣ ವಾಸನೆಯಲ್ಲ, ಸಪ್ಪಳ ಇಲ್ಲದ್ದು. ಹುಟ್ಟಿದಂದಿನಿಂದ ಮಗ್ಗದ ಖಟಪಟ ಕೇಳಿ ಬೆಳೆದವಳಿಗೆ ಗೋಡೆಗಳು ಸುಮ್ಮನಿದ್ದರೆ ಯಾರಿಗೋ ಮೈಯಲ್ಲಿ ಆರಾಮಿಲ್ಲ ಅನ್ನಿಸುತ್ತದೆ. ನಮ್ಮ ಮನೆಯವರಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲರ ಮುಕಾದಮಿಕೆ, ಅಂದರೆ ಮೇಸ್ತ್ರಿ ಕೆಲಸ, ಸಿಕ್ಕಿದ ಮೇಲೆ ಕಾಮೋಠೆಗೆ ಬಂದೆವು. ಇಲ್ಲಿ ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳಿಗೆ ಮಾತ್ರ. ಹನ್ನೊಂದು ತಿಂಗಳಾದೊಡನೆ ಮತ್ತೆ ಕಾಗದ, ಮತ್ತೆ ಸಹಿ, ಮತ್ತೆ ಮಾಲಕನ ಮೋರೆ ನೋಡುವುದು. ಹತ್ತೊಂಬತ್ತು ವರ್ಷದ ನನ್ನ ಮಗಳು ಪಲ್ಲವಿ ಹೀಗೆ ಹನ್ನೊಂದು ಹನ್ನೊಂದು ತಿಂಗಳಾಗಿಯೇ ಬೆಳೆದಳು. ನಾನು ಕನ್ನಡದಲ್ಲಿ ಬೈದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮರಾಠಿ ನನಗೂ ಬಂತು. ಊರಿನಲ್ಲಿ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಿದ್ದೆವು, ಇಲ್ಲಿ ಎಲ್ಲರೂ ನನ್ನನ್ನೇ ವಹಿನಿ ಅಂದರು. ಆ ಒಂದು ಮಾತು ಎಷ್ಟು ಧೈರ್ಯ ಕೊಟ್ಟಿತು ಎಂದರೆ, ಆವತ್ತೇ ತರಕಾರಿಯವಳ ಜೊತೆ ಮೊದಲ ಜಗಳ ಆಡಿದೆ.

ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಸೀರೆಗೆ ಫಾಲ್, ಅಂಚಿಗೆ ಮಣಿ, ಸೆರಗಿಗೆ ಕುಚ್ಚು ಹಾಕಿಕೊಡುತ್ತೇನೆ. ಅಡಾಬಾಯಿಗೆ ನನ್ನ ಹೆಸರು ಹೇಳಿದ್ದು ಬಟ್ಟೆ ಅಂಗಡಿಯವರು. ಅವಳು ತಂದಿದ್ದು ಜಾರ್ಜ್ ಎಂಬ ಹೆಸರಿನ ರೇಷ್ಮೆ ಬಟ್ಟೆ. ಇದೊಂದು ವಿಚಿತ್ರ ನೋಡಿ. ನಮ್ಮ ದೇಶದಲ್ಲೇ ತಯಾರಾಗುತ್ತದೆ, ನಮ್ಮವರು ಒಬ್ಬರೂ ಉಡುವುದಿಲ್ಲ, ಅದರ ಹೆಸರೂ ಕೇಳಿಲ್ಲ. ಅಲ್ಲಿ ಅದಿಲ್ಲದೆ ಮದುವೆಯಿಲ್ಲ, ಹೆಣ ಏಳುವುದಿಲ್ಲ. ನೇಕಾರರ ಮಗಳಾಗಿ ನಾನು ಅದನ್ನು ಮೊದಲು ಮುಟ್ಟಿದ್ದು ಒಬ್ಬ ನೈಜೀರಿಯಾದವಳ ಚೀಲದಲ್ಲಿ.

ಮೊದಮೊದಲು ಅವಳು ತಿಂಗಳಿಗೊಮ್ಮೆ ಬರುತ್ತಿದ್ದಳು, ಆಮೇಲೆ ವಾರಕ್ಕೊಮ್ಮೆ. ಒಂದು ದಿನ ಜೋಳದ ಸಂಗಟಿ ಮಾಡಿದ್ದೆ. ಅವಳು ಕೈ ತೊಳೆದು ಕೂತು, ಉಂಡಿ ಮಾಡಿ, ಅಗಿಯದೆ ನುಂಗಿದಳು! ಇಷ್ಟು ವರ್ಷ ಇಲ್ಲಿಯ ಜನಕ್ಕೆ ಸಂಗಟಿ ನುಂಗುವುದು ಹೇಗೆಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವರಲ್ಲೂ ಹಾಗೆಯೇ ಅಂತೆ, ಗೆಣಸಿನಂಥ ಗಡ್ಡೆ ಕುಟ್ಟಿ ಮುದ್ದೆ ಮಾಡುತ್ತಾರೆ. ಬೆಂಡೆಕಾಯಿ ಮಾತ್ರ ಜಗಳಕ್ಕೆ ಬಂತು. ನಾನು ಲೋಳೆ ಹೋಗಲೆಂದು ಹುರಿಯುತ್ತೇನೆ, ಅವಳಿಗೆ ಲೋಳೆಯೇ ಬೇಕು. ಇಂಗ್ಲಿಷಿನವರು ಅನ್ನುವ ‘ಓಕ್ರಾ’ ತಮ್ಮ ಭಾಷೆಯ ಮಾತು, ಆದ್ದರಿಂದ ಬೆಂಡೆಕಾಯಿಯ ವಿಷಯದಲ್ಲಿ ತನ್ನದೇ ಕೊನೆಯ ಮಾತು ಎಂದು ವಾದಿಸಿದಳು. ಪಲ್ಲವಿ ಫೋನಿನಲ್ಲಿ ಹುಡುಕಿ, “ಮಮ್ಮಿ, ಆಂಟಿ ಸಹೀ ಬೋಲ್ ರಹೀ ಹೈ” ಅಂದಳು. ನಾನು ಸೋತೆ.

ಆ ಸಲ ಅವಳು ಬಂದದ್ದು ಸೋಮವಾರ. ಮುಖ ಇಳಿದಿತ್ತು. ಹದಿನಾರು ಪೀಸು ಜಾರ್ಜ್ ನೆಲದ ಮೇಲೆ ಸುರಿದು, “ದೀದಿ, ಅಪ್ಪನ ಮಣ್ಣಿಗೆ ಹೋಗಬೇಕು. ಮುಂದಿನ ಭಾನುವಾರ ಸಂಜೆ ವಿಮಾನ” ಅಂದಳು.

“ಅಯ್ಯ ನನ ಶಿವನ! ಯಾವಾಗ ತೀರಿಕೊಂಡರು?”

“ನಾಲ್ಕು ತಿಂಗಳಾಯಿತು.”

ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆ. ನಮ್ಮಲ್ಲೂ ಹೂಳುವುದೇ, ಸುಡುವುದಿಲ್ಲ. ಆದರೆ ಬೆಳಿಗ್ಗೆ ಹೋದವರು ಸಂಜೆಗೆ ಮಣ್ಣಾಗಬೇಕು. ದೂರದ ಮಗಳು ಬರುವವರೆಗೆ ಕಾಯ್ದರೆ ಅದೇ ಹೆಚ್ಚು. ನಾಲ್ಕು ತಿಂಗಳು ಹೆಣ ಎಲ್ಲಿತ್ತು ಎಂಬುದನ್ನು ಅವಳೇ ಹೇಳಿದಳು. ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿತ್ತು. ಅಪ್ಪ ಹಳ್ಳಿಯಲ್ಲಿ ಕಟ್ಟುತ್ತಿದ್ದ ಮನೆಗೆ ಇನ್ನೂ ಸೂರು ಬಿದ್ದಿರಲಿಲ್ಲ. ಸೂರಿಲ್ಲದ ಮನೆಗೆ ಹಿರಿಯನನ್ನು ತರುವುದೆಂದರೆ ಕುಲಕ್ಕೇ ಅವಮಾನ. ಮಕ್ಕಳು ಮೂರು ದೇಶಗಳಲ್ಲಿದ್ದಾರೆ. ಎಲ್ಲರೂ ಸೇರಿ ಸೂರು ಹಾಕಿಸಿದ ಮೇಲೆ ಕುಲದ ಹಿರಿಯರು ದಿನ ಗೊತ್ತುಮಾಡಿದ್ದರು. ಇನ್ನು ಆ ದಿನ ಯಾರಿಗಾಗಿಯೂ ಸರಿಯುವುದಿಲ್ಲ.

ಅವರಲ್ಲಿ ಕುಲದ ಹೆಣ್ಣುಮಕ್ಕಳಿಗೆ, ಮದುವೆಯಾಗಿ ಬೇರೆ ಊರಿಗೆ ಹೋದವರೂ ಸೇರಿ, ಉಮುಅಡಾ ಅನ್ನುತ್ತಾರೆ. ಅಪ್ಪನ ಮಣ್ಣಿಗೆ ಅವರೆಲ್ಲ ಒಂದೇ ಬಟ್ಟೆ ಉಟ್ಟು ಒಟ್ಟಾಗಿ ಅಂಗಳಕ್ಕೆ ಬರಬೇಕು. ಆ ಬಟ್ಟೆ ತರುವುದು ಹಿರೇಮಗಳ ಜವಾಬ್ದಾರಿ. ಅವಳು ಬರಿಗೈಲಿ ಬಂದರೆ ಉಳಿದ ಹೆಣ್ಣುಮಕ್ಕಳು ಬಾಗಿಲಲ್ಲೇ ನಿಂತುಬಿಡುತ್ತಾರಂತೆ, ಅಪ್ಪ ಒಳಗೆ ಕಾಯುತ್ತ ಮಲಗಿರಬೇಕಾಗುತ್ತದಂತೆ.

ಅವಳ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಮಾತಾಡುತ್ತಲೇ ಒಂದು ಪೀಸು ಎತ್ತಿ ನನ್ನ ಕೈಗಿಟ್ಟಳು. ಅದಕ್ಕೆ ಅಂಚಿನ ಮಣಿ ಆಗಲೇ ಹಾಕಿಸಿದ್ದಳು. “ಹದಿನಾಲ್ಕು ಇದರ ಹಾಗೆಯೇ ಆಗಲಿ. ಉಳಿದ ಒಂದು ಅಪ್ಪನ ಹಾಸಿಗೆಗೆ, ಅದನ್ನು ಮುಟ್ಟಬೇಡ” ಎಂದು ಹೇಳಿ ಮೆಟ್ಟಿಲಿಳಿದಳು.

ಅವಳು ಹೋದ ಮೇಲೆ ಮಾದರಿಯ ಪೀಸು ಬಿಚ್ಚಿ ನೋಡುತ್ತೇನೆ, ಅದು ನಡುವೆ ಕತ್ತರಿಸಿದ ಎರಡು ತುಂಡು! ಕತ್ತರಿಸಿದ ಬದಿಗೆ ಹೊಲಿಗೆಯೂ ಇಲ್ಲ, ಮಣಿಯೂ ಇಲ್ಲ. ನನ್ನ ಮೈ ಉರಿಯಿತು. ತುಂಡು ಅರಿವಿಯನ್ನು ಮಡಚಿ ಇಡೀ ಪೀಸೆಂದು ಯಾರೋ ಅಂಗಡಿಯವ ಪರದೇಶದವಳಿಗೆ ದಾಟಿಸಿದ್ದಾನೆ ಅಂದುಕೊಂಡೆ. ಅದೂ ಸಾವಿನ ಬಟ್ಟೆ. ಸತ್ತವರ ಮನೆಗೆ ತುಂಡು ಅರಿವಿ ಒಯ್ಯಬಾರದು, ಸಂಬಂಧ ಹರಿಯುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಅಂಗಡಿಯವನ ಕೆಟ್ಟತನ ಈ ಹೆಣ್ಣುಮಗಳ ದುಃಖದ ಹೊತ್ತಿನಲ್ಲಿ ಗೊತ್ತಾಗುವುದು ಬೇಡ, ನಾನೇ ಸರಿಮಾಡಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಜಾಣೆ ಅನ್ನಿಸಿಕೊಳ್ಳುವ ಹುಚ್ಚು ನನಗೆ ಮೊದಲಿನಿಂದಲೂ ಇದೆ.

ಇಳಕಲ್ಲ ಸೀರೆ ನೋಡಿದವರಿಗೆ ಗೊತ್ತು, ಅದರ ಒಡಲು ಬೇರೆ, ಸೆರಗು ಬೇರೆ. ಎರಡರ ಹಾಸಿನ, ಅಂದರೆ ಉದ್ದನೆಯ, ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದು ಮಗ್ಗಕ್ಕೆ ಹಾಸು ಏರಿಸುವಾಗಲೇ ಮಾಡುವ ಕೆಲಸ. ಅಪ್ಪ ನನಗೆ ಏಳನೇ ವಯಸ್ಸಿಗೆ ಅದನ್ನು ಕಲಿಸಿದ್ದ, ಸಣ್ಣ ಬೆರಳು ಚಲೋ ಎಂದು. ಈಗ ಮಗ್ಗವೆಲ್ಲಿ ತರಲಿ? ಎರಡೂ ತುಂಡುಗಳ ಅಂಚಿನಿಂದ ಒಂದು ಬೆರಳಗಲ ಅಡ್ಡ ಎಳೆ ಬಿಡಿಸಿ ತೆಗೆದೆ. ಉಳಿದ ನೂಲುಗಳನ್ನು, ಎಳೆಗೆ ಎಳೆ, ಬರಿಗೈಯಲ್ಲೇ ಕೊಂಡಿ ಹಾಕಿದೆ. ಮೂರು ದಿನ ಹಿಡಿಯಿತು. ಕಣ್ಣಿನಲ್ಲಿ ನೀರು ಬಂತು, ಕುತ್ತಿಗೆ ಹಿಡಿಯಿತು. ಆದರೆ ಮುಗಿದಾಗ ಕೈಯಾಡಿಸಿದರೆ ಒಂದು ಸಣ್ಣ ಗೆರೆ ಬಿಟ್ಟು ಏನೂ ತಿಳಿಯುತ್ತಿರಲಿಲ್ಲ. ಉಳಿದ ಹದಿನಾಲ್ಕಕ್ಕೂ ಇಡಿಯಾಗಿಯೇ ಮಣಿ ಹಾಕಿ, ಇಸ್ತ್ರಿ ಮಾಡಿ, ಮಡಚಿ ಇಟ್ಟು ಹೊಗಳಿಕೆಗೆ ಕಾಯುತ್ತ ಕೂತೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿನಿಂದ ಗಲಾಟೆ ಕೇಳಿಸಿತು. ನಮ್ಮ ಸೊಸೈಟಿಯ ಸೆಕ್ರೆಟರಿ ಸೂಟ್‌ಕೇಸುಗಳ ಜೊತೆ ನಿಂತಿದ್ದ ಅಡಾಬಾಯಿಯನ್ನು ಗೇಟಿನಲ್ಲಿ ತಡೆದಿದ್ದರು. ಕೆಟ್ಟ ಮನುಷ್ಯನಲ್ಲ, ಹೆದರಿಕೆಯ ಮನುಷ್ಯ; ಸೂಟ್‌ಕೇಸು ನೋಡಿ ಇಲ್ಲೇ ಇರಲು ಬಂದಳು ಅಂದುಕೊಂಡಿದ್ದರು. “ವಹಿನಿ, ಹೇ ಲೋಕ ಬಿಲ್ಡಿಂಗ್‌ಮಧ್ಯೆ ನಕೋತ್,” ಈ ಜನ ಬಿಲ್ಡಿಂಗಿನಲ್ಲಿ ಬೇಡ ಅಂದರು. ನಾವು ಹೊಸದಾಗಿ ಬಂದಾಗ ಇವರೇ ನಮ್ಮ ಕಾಗದಗಳನ್ನು ಮೂರು ಸಲ ತಿರುವಿ ಹಾಕಿ ನೋಡಿದ್ದು ನನಗೆ ನೆನಪಾಯಿತು. “ಭಾವೂಜಿ, ಅವಳ ಅಪ್ಪ ತೀರಿಕೊಂಡಾರ. ಇವತ್ತ ಊರಿಗೆ ಹೊಂಟಾಳ. ತಡೀತೀರೇನು?” ಎಂದು ಮರಾಠಿಗೆ ನನ್ನ ಕನ್ನಡವನ್ನೂ ಬೆರೆಸಿ ಕೇಳಿದೆ. ಅವರು ಪಕ್ಕಕ್ಕೆ ಸರಿದರು.

ಮನೆಗೆ ಬಂದ ಅಡಾಬಾಯಿ ಮೇಲಿನ ಪೀಸನ್ನು ಬಿಚ್ಚಿದಳು. ಎರಡನೆಯದು ಬಿಚ್ಚಿದಳು. ಮೂರನೆಯದು. ಆಮೇಲೆ ತನ್ನ ಮಾದರಿಯನ್ನು ಹುಡುಕಿ ತೆಗೆದು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ನಾನು ಹಲ್ಲು ಕಿರಿದು ನಿಂತೇ ಇದ್ದೆ.

“ಇದನ್ನು ಯಾರು ಕೂಡಿಸಿದರು?”

“ನಾನೇ! ಅಂಗಡಿಯವ ನಿನಗೆ ಮೋಸ ಮಾಡಿದ್ದ...”

“ದೀದಿ! ಮೋಸವಲ್ಲ, ಇದು ನನ್ನ ಉಡುಪು! ನಾನೇ ಕತ್ತರಿಸಿದ್ದು!” ಎಂದು ಅವಳು ಧೊಪ್ಪನೆ ಕೂತಳು.

ಅವರಲ್ಲಿ ಸಂಸಾರಸ್ಥ ಹೆಂಗಸು ಉಡುವುದು ಎರಡು ತುಂಡು. ಒಂದು ಕಾಲಿನವರೆಗೆ, ಅದರ ಮೇಲೆ ಇನ್ನೊಂದು ಮೊಣಕಾಲಿನವರೆಗೆ. ಒಂದೇ ಉಡುವವರು ಇನ್ನೂ ಮದುವೆಯಾಗದ ಹುಡುಗಿಯರು. ಹದಿನಾಲ್ಕು ಮಂದಿ ತಾಯಂದಿರು, ಅಜ್ಜಿಯಂದಿರು, ನನ್ನ ಜಾಣತನದಿಂದ ಊರೆದುರು ಹುಡುಗಿಯರಾಗಿ ನಿಲ್ಲಬೇಕಿತ್ತು. ಅಲ್ಲಿಗೆ ಹೋಗಿ ಕತ್ತರಿಸೋಣವೆಂದರೆ ಅವಳು ಇಳಿಯುವುದು ಮಣ್ಣಿನ ಹಿಂದಿನ ದಿನ, ಹಳ್ಳಿಗೆ ಮುಟ್ಟುವುದೇ ಮಣ್ಣಿನ ದಿನದ ಬೆಳಿಗ್ಗೆ.

“ಹಿಂಗ ಕೂತು ಏನ್ ಮಾಡ್ತೀರಿ, ಕೆಲಸ ಹಚ್ರಿ,” ಎಂದು ನಮ್ಮ ಮನೆಯವರು ಟೇಪು ಹಿಡಿದು ನೆಲದ ಮೇಲೆ ಕೂತರು. ಕಬ್ಬಿಣ ಅಳೆಯುವ ಟೇಪು, ರೇಷ್ಮೆ ಅಳೆಯಲು ಬಂತು. ಮೂರು ಗಂಟೆಗೆ ಅವಳು ಹೊರಡಬೇಕು. ನಾನು ಕತ್ತರಿ ಎತ್ತಿದೆ, ಬಟ್ಟೆಯ ಹತ್ತಿರ ಒಯ್ದು ಹಿಂದಕ್ಕೆ ತಂದೆ. ಸಾವಿನ ಬಟ್ಟೆ, ಹೊಸ ಬಟ್ಟೆ. ಅವ್ವ ಬೆನ್ನ ಹಿಂದೆ ನಿಂತ ಹಾಗೆ ಆಯಿತು. “ದೇ ಮಮ್ಮಿ” ಎಂದು ಪಲ್ಲವಿ ಕತ್ತರಿ ಕಸಿದುಕೊಂಡು ಒಂದೇ ಎಳೆತಕ್ಕೆ ಮೊದಲ ಪೀಸು ಸೀಳಿದಳು. ಅವಳಿಗೆ ಯಾವ ಶಾಸ್ತ್ರವೂ ಇಲ್ಲ, ಅವತ್ತು ಅದು ಉಪಯೋಗಕ್ಕೆ ಬಂತು. ಅವಳು ಕತ್ತರಿಸಿದಂತೆ ನಾನು ಮಷಿನ್ ಮೇಲೆ ಅಂಚು ಹೊಲಿದೆ, ಅಡಾಬಾಯಿ ಹೊಸ ಅಂಚಿಗೆ ಮಣಿ ಪೋಣಿಸಿದಳು.

ಮಣಿ ಪೋಣಿಸುತ್ತಲೇ ಅವಳು ಅಪ್ಪನ ಕಥೆ ಹೇಳಿದಳು. ಕೇಳಿದ್ದು ನಾನೇ. ಹಳ್ಳಿಯ ಮನೆಯ ಸೂರು ಅಷ್ಟು ದೊಡ್ಡ ವಿಷಯ ಯಾಕೆ ಎಂದು.

ಅವಳ ಅಪ್ಪ ಪೋರ್ಟ್ ಹಾರ್ಕೋರ್ಟ್ ಎಂಬ ಬಂದರು ಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟು, ಎರಡು ಮಾಳಿಗೆಯ ಮನೆ ಕಟ್ಟಿದ್ದನಂತೆ. ಹಳ್ಳಿಯಲ್ಲಿ ಮಾತ್ರ ಏನೂ ಕಟ್ಟಲಿಲ್ಲ, ಪಟ್ಟಣವೇ ತನ್ನದು ಅಂದುಕೊಂಡಿದ್ದ. ಆಮೇಲೆ ಇಗ್ಬೊ ಜನ ಬಯಾಫ್ರಾ ಎಂಬ ಬೇರೆ ದೇಶ ಕಟ್ಟಲು ಹೋದರು, ಯುದ್ಧವಾಯಿತು. ಎರಡೂವರೆ ವರ್ಷ. ಗುಂಡಿಗಿಂತ ಹಸಿವಿಗೆ ಸತ್ತವರೇ ಹೆಚ್ಚಂತೆ, ಅವಳ ಇಬ್ಬರು ಅಣ್ಣಂದಿರೂ ಸೇರಿ. ಯುದ್ಧ ಮುಗಿದಾಗ ಗೆದ್ದವರೂ ಇಲ್ಲ, ಸೋತವರೂ ಇಲ್ಲ, ಎಲ್ಲರೂ ಅಣ್ಣತಮ್ಮಂದಿರು ಎಂದು ಸರಕಾರ ಹೇಳಿತು.

“ಅಣ್ಣತಮ್ಮ!” ಎಂದು ಅಡಾಬಾಯಿ ದಾರ ಹಲ್ಲಿನಿಂದ ಕಡಿದಳು. “ಬ್ಯಾಂಕಿನಲ್ಲಿ ಎಷ್ಟೇ ಇಟ್ಟಿರಲಿ, ಕೈಗೆ ಬಂದದ್ದು ಇಪ್ಪತ್ತು ಪೌಂಡ್. ಸಾಹುಕಾರನಿಗೂ ಇಪ್ಪತ್ತು, ಮುದುಕಿಗೂ ಇಪ್ಪತ್ತು. ಅಪ್ಪ ಮನೆ ಕೇಳಲು ಪಟ್ಟಣಕ್ಕೆ ಹೋದ. ಆ ಪಟ್ಟಣ ಈಗ ಬೇರೆ ರಾಜ್ಯಕ್ಕೆ ಸೇರಿದೆ, ನಿನ್ನ ಮನೆ ‘ಬಿಟ್ಟುಹೋದ ಆಸ್ತಿ’ ಎಂದರು. ಒಳಗೆ ಬೇರೆಯವರು ಅಡಿಗೆ ಮಾಡುತ್ತಿದ್ದರು. ಅಪ್ಪ ಬಿಟ್ಟು ಹೋಗಿದ್ದನೇ? ಪ್ರಾಣ ಉಳಿಸಿಕೊಳ್ಳಲು ಓಡಿದ್ದ!”

ನನಗೆ ಬಾಗಲಕೋಟೆಯ ಮುಳುಗಡೆ ನೆನಪಾಯಿತು. ನಮ್ಮ ಸೋದರತ್ತೆಯ ಮನೆ ಆಲಮಟ್ಟಿ ನೀರಿನಲ್ಲಿ ಹೋಯಿತು. ಆದರೆ ಅದನ್ನು ನೀರು ತಿಂದಿತು, ಯಾರೂ ಒಳಗೆ ಕೂತು ರೊಟ್ಟಿ ಬಡಿಯಲಿಲ್ಲ. ಪರಿಹಾರ ಸಾಲಲಿಲ್ಲ ಎಂದು ಅತ್ತೆ ಬದುಕಿರುವವರೆಗೆ ಬೈದಳು, ಬೈಯಲು ಒಂದು ಆಫೀಸಾದರೂ ಇತ್ತು. ಅಡಾಬಾಯಿಗೆ ಇದನ್ನು ಹೇಳಿದೆ. “ನೀರು ಒಳ್ಳೆಯದು” ಅಂದಳು.

ಅಲ್ಲಿಂದ ಅಪ್ಪ ಮಕ್ಕಳಿಗೆ ಎರಡು ಮಾತು ಕಲಿಸಿದನಂತೆ. ಸರಕಾರದ ದೊಡ್ಡ ಕುರ್ಚಿ, ದಂಡಿನ ದೊಡ್ಡ ಪಟ್ಟ ನಮ್ಮವರಿಗೆ ಇನ್ನು ಕೊಡುವುದಿಲ್ಲ, ಆದ್ದರಿಂದ ವ್ಯಾಪಾರ ಹಿಡಿದು ದೇಶಾಂತರ ಹೋಗಿ, ಎಲ್ಲರೂ ಒಂದೇ ಊರಿನಲ್ಲಿ ಇರಬೇಡಿ. ಎರಡನೆಯದು, ಎಲ್ಲೇ ದುಡಿದರೂ ಕಟ್ಟುವುದನ್ನು ಹಳ್ಳಿಯಲ್ಲೇ ಕಟ್ಟಿ, ಅದನ್ನು ಯಾರೂ ಬಿಟ್ಟುಹೋದ ಆಸ್ತಿ ಅನ್ನಲಾರರು. ಅವಳು ಕಾಮೋಠೆಯಲ್ಲಿ ಒಂದು ಕುರ್ಚಿಯನ್ನೂ ಯಾಕೆ ಕೊಂಡಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಅವಳ ಮನೆಗೆ ಹೋದರೆ ಸೂಟ್‌ಕೇಸಿನ ಮೇಲೆ ಕೂರಬೇಕು.

“ಯುದ್ಧ ಮುಗಿದು ಅರ್ಧ ಶತಮಾನ ಆಯ್ತಲ್ಲ, ಈಗ್ಯಾಕ ದೇಶ ಬಿಟ್ಟು ಹೋಗ್ತಾರ ಹುಡುಗರು?” ಎಂದು ನಮ್ಮ ಮನೆಯವರು ಕೇಳಿದರು. ನಾನು ಹಿಂದಿಯಲ್ಲಿ ಹೇಳಿದೆ.

“ಮುಗಿದಿದ್ದರೆ ಹೋಗುತ್ತಿರಲಿಲ್ಲ” ಅಂದಳು. ಈಗ ಮತ್ತೆ ಬೇರೆ ದೇಶ ಬೇಕೆನ್ನುವವರು ಹುಟ್ಟಿದ್ದಾರೆ. ಸೋಮವಾರ ಅಂಗಡಿ ತೆರೆಯಬೇಡಿ ಎಂದು ಅವರ ಕಟ್ಟಪ್ಪಣೆ, ರಸ್ತೆಗೊಂದು ಸಿಪಾಯಿಗಳ ಚೌಕಿ. ಅಂಗಡಿ ತೆರೆದರೆ ಅವರ ಹೆದರಿಕೆ, ಹೊರಗೆ ನಿಂತರೆ ಸಿಪಾಯಿಗಳ ಹೆದರಿಕೆ. ನಮ್ಮ ಇಳಕಲ್ಲಿನಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತವೆ, ದೇವರಿಗೆಂದು. ಅವಳ ಊರಿನ ಸಂತೆ ಸೋಮವಾರ ನಿಲ್ಲುವುದು ಜೀವಭಯಕ್ಕೆ. ಹುಡುಗರು ಪಾಸ್‌ಪೋರ್ಟ್ ಮಾಡಿಸುತ್ತಾರೆ.

ಎರಡೂವರೆಗೆ ಹದಿನಾಲ್ಕೂ ಮುಗಿದವು. ಉಳಿದದ್ದು ನಾನು ಕೊಂಡಿ ಹಾಕಿದ್ದ ಅವಳ ಪೀಸು. ಅಡಾಬಾಯಿ ಅದನ್ನು ಮೊಣಕಾಲ ಮೇಲೆ ಹಾಸಿಕೊಂಡು ಕೂಡಿಕೆಯ ಗೆರೆಯ ಮೇಲೆ ಕತ್ತರಿ ಇಟ್ಟಳು. ನಾನು ಮುಖ ತಿರುಗಿಸಿದೆ. ಮೂರು ದಿನದ ಕುತ್ತಿಗೆ ನೋವು ನನ್ನದು.

“ಇದನ್ನು ಯಾರು ಕಲಿಸಿದರು?” ಅವಳು ಕೇಳಿದಳು.

“ಅಪ್ಪ.”

“ಇದ್ದಾರೆಯೇ?”

“ಇಲ್ಲ. ಇಳಕಲ್ಲಿನಲ್ಲೇ ಮಣ್ಣು. ನಾನು ಮುಟ್ಟುವಷ್ಟರಲ್ಲಿ ಮುಗಿದಿತ್ತು.”

ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಫೋನು ಬಂದ ದಿನ ರೈಲು ಸಿಗಲಿಲ್ಲ, ಬಸ್ಸು ಹಿಡಿದು ಮರುದಿನ ಮಧ್ಯಾಹ್ನ ಹೋದೆ. ನಾಲ್ಕು ತಿಂಗಳು ಕಾಯುವ ಜನರ ಬಗ್ಗೆ ಮೂಗು ಮುರಿದಿದ್ದೆನಲ್ಲ, ನನ್ನ ಅಪ್ಪನಿಗೆ ನಾಲ್ಕು ತಾಸು ಯಾರೂ ಕಾಯಲಿಲ್ಲ. ಕಣ್ಣೀರು ಬಂದೇಬಿಟ್ಟಿತು.

ಅಡಾಬಾಯಿ ಕತ್ತರಿ ಕೆಳಗಿಟ್ಟಳು. ಅಪ್ಪನ ಹಾಸಿಗೆಗೆಂದು ಮುಟ್ಟದೆ ಇಟ್ಟಿದ್ದ ಪೀಸನ್ನು ಎಳೆದು ಪಲ್ಲವಿಯ ಕೈಗೆ ಕೊಟ್ಟು, “ಇದನ್ನು ಎರಡು ಮಾಡು, ನನಗೆ” ಅಂದಳು. ಅದೂ ಮುಗಿದ ಮೇಲೆ ಕೊಂಡಿಯ ಪೀಸನ್ನು ಮಡಚಿ ಎಲ್ಲದರ ಮೇಲೆ ಇಟ್ಟು ಸೂಟ್‌ಕೇಸು ಮುಚ್ಚಿದಳು. “ಅಪ್ಪ ಇದರ ಮೇಲೆ ಮಲಗಲಿ. ಬಟ್ಟೆ ವ್ಯಾಪಾರಿ ಅವನು, ಕೈಯಾಡಿಸಿದರೆ ಗುರುತು ಹಿಡಿಯುತ್ತಾನೆ.”

ಕೆಳಗೆ ಸೆಕ್ರೆಟರಿ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದರು. ಒಂದು ಸೂಟ್‌ಕೇಸು ತಾವೇ ಎತ್ತಿ ಟ್ಯಾಕ್ಸಿಗೆ ಇಟ್ಟರು. ಅಡಾಬಾಯಿಯ ವೀಸಾ ಮುಗಿದಿತ್ತು, ಮತ್ತೆ ಸಿಗುತ್ತದೋ ಇಲ್ಲವೋ. “ಬಾ” ಅಂದೆ. “ದೇಖೇಗಾ,” ನೋಡೋಣ ಅಂದಳು.

ಹತ್ತು ದಿನಕ್ಕೆ ಫೋನಿಗೆ ಫೋಟೋ ಬಂದಿತು. ಕೆಂಪು ಮಣ್ಣಿನ ಅಂಗಳ, ಹೊಳೆಯುವ ಹೊಸ ತಗಡಿನ ಸೂರು, ಅದರ ಮುಂದೆ ಹದಿನೈದು ಮಂದಿ ಎರಡೆರಡು ತುಂಡು ಉಟ್ಟು ಬೀಗಿ ನಿಂತಿದ್ದರು. ಇನ್ನೊಂದು ಫೋಟೋದಲ್ಲಿ ಒಬ್ಬ ಸಣಕಲು ಮುದುಕ ಮಂಚದ ಮೇಲೆ ಮಲಗಿದ್ದ. ನಾನು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಅವನ ಭುಜದ ಕೆಳಗೆ, ಸಣ್ಣ ಗೆರೆಯಾಗಿ, ನನ್ನ ಅಪ್ಪನ ಕೊಂಡಿ ಇತ್ತು. ಜೊತೆಗೆ ಅವಳ ಧ್ವನಿ: “ದೀದಿ, ಅಪ್ಪ ಮನೆ ಮುಟ್ಟಿದ. ನೀನು ನನ್ನ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.”

ಕೂಡಲೇ ಇಳಕಲ್ಲಿಗೆ ಫೋನು ಹಚ್ಚಿದೆ. “ಮಲ್ಲು, ಅಪ್ಪನ ಮಗ್ಗಲಾಗ ನನಗ ಜಾಗ ಐತೇನೋ?”

ನನ್ನ ತಮ್ಮ ಗಾಬರಿಯಾದ. “ಯಾಕಕ್ಕಾ, ಆರಾಮ ಅದೀ ಇಲ್ಲೋ?”

“ಆರಾಮ ಅದೀನಿ. ಜಾಗ ಐತೋ ಇಲ್ಲೋ ಹೇಳು.”

“ಐತಿ ತಗೋ. ಅವಸರ ಮಾಡಬ್ಯಾಡ.”

ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಪಲ್ಲವಿ ಫೋನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. ಅವಳ ಕಣ್ಣು ಕೆಂಪಾಗಿದ್ದವು. ಹುಟ್ಟಿದಂದಿನಿಂದ ಒಂದು ಪೂರಾ ವಾಕ್ಯ ಕನ್ನಡದಲ್ಲಿ ಆಡದ ಹುಡುಗಿ ಅಂದಳು:

“ಅಷ್ಟ ದೂರ ಬ್ಯಾಡ ಅವ್ವ. ನಾ ಮುಟ್ಟೂದರಾಗ ಅವರು ಮುಗಸ್ತಾರ.”